ಒಂಬತ್ತನೇ ಕಿಟಕಿಯ ನಿದ್ದೆ

ಸರ್ಕಾರಿ ಫಾರಂಗಳಲ್ಲಿರುವ ಖಾಲಿ ಗೆರೆಗಳು ಕಟ್ಟೆಯಿಲ್ಲದ ಬಾವಿಗಳಿದ್ದ ಹಾಗೆ. ಹಾದುಹೋಗುವವರೆಲ್ಲ ಬೀಳುವುದಿಲ್ಲ. ಬಗ್ಗಿ ನೋಡಿ, ನೀರಿನಲ್ಲಿ ತನ್ನ ಮುಖ ಕಂಡು, ಈ ಮುಖಕ್ಕೊಂದು ಕಿರೀಟ ಇಟ್ಟರೆ ಹೇಗಿರುತ್ತದೆ ಎಂದು ಯೋಚಿಸುವವರು ಮಾತ್ರ ಬೀಳುತ್ತಾರೆ. ನಮ್ಮ ಚಿಕ್ಕಪ್ಪ ಬಿದ್ದದ್ದು ಹಾಗೆ.

ಚಿಕ್ಕಪ್ಪ ಪರವಾನಗಿ ಕಚೇರಿಯಲ್ಲಿ ಟಪಾಲು ಗುಮಾಸ್ತ. ಲಕೋಟೆಗೆ ಗೋಂದು ಹಚ್ಚುವುದು, ಕಡತಕ್ಕೆ ದಾರ ಬಿಗಿಯುವುದು, ಯಾರಾದರೂ ಬಂದು ‘ನನ್ನ ಕಾಗದ ಎಲ್ಲಿ?’ ಅಂದರೆ ಚಾವಣಿಯ ಕಡೆ ಬೆರಳು ತೋರಿಸಿ ‘ಮೇಲಿದೆ’ ಅನ್ನುವುದು. ಇಪ್ಪತ್ತೆರಡು ವರ್ಷ ಈ ಮೂರೇ ಕೆಲಸ ಮಾಡಿ ಯಾರಿಂದಲೂ ಒಂದು ಬೈಗುಳ ಕೇಳಿದವನಲ್ಲ. ಹೊಗಳಿಕೆಯನ್ನೂ ಕೇಳಿರಲಿಲ್ಲ. ತೊಂದರೆ ಶುರುವಾದದ್ದೇ ಅಲ್ಲಿ.

ನಮ್ಮ ದೇಶದಲ್ಲಿ ಭಾಷೆಗಳಿಗೆ ಬರವಿಲ್ಲ. ಹೊಳೆ ದಾಟಿದರೆ ಒಂದು, ದಿಣ್ಣೆ ಹತ್ತಿದರೆ ಇನ್ನೊಂದು. ಎಲ್ಲಕ್ಕೂ ಮೇಲೆ ಕಚೇರಿ ಭಾಷೆ; ಅದರಲ್ಲಿ ಯಾರೂ ಅಳುವುದಿಲ್ಲ, ಬರೀ ಅರ್ಜಿ ಹಾಕುತ್ತಾರೆ. ಅದರ ಕೆಳಗೆ ಪೇಟೆ ಭಾಷೆ. ಅದು ಎಲ್ಲರಿಗೂ ಬರುತ್ತದೆ, ಯಾರದ್ದೂ ಅಲ್ಲ. ಅದಕ್ಕೂ ಕೆಳಗೆ ಅವರವರ ಮನೆಯೊಳಗಿನ ಮಾತುಗಳು, ಹಾಸಿಗೆಯಡಿ ಬಚ್ಚಿಟ್ಟ ಪೆಟ್ಟಿಗೆಗಳ ಹಾಗೆ. ಆ ವರ್ಷ ಮೇಲಿನವರಿಗೆ ಇದ್ದಕ್ಕಿದ್ದ ಹಾಗೆ ಒಳ್ಳೆ ಬುದ್ಧಿ ಬಂತು. ಇನ್ನು ಮುಂದೆ ಪ್ರಜೆಗಳು ತಮ್ಮ ಹೇಳಿಕೆಯನ್ನು ತಮ್ಮ ತಮ್ಮ ಮಾತಿನಲ್ಲೇ ಕೊಡಬಹುದು, ಕಚೇರಿ ಅದನ್ನು ಕೇಳಿ ಬರೆದುಕೊಳ್ಳಬೇಕು ಎಂದು ಸುತ್ತೋಲೆ ಹೊರಟಿತು. ಯಾರಿಗೆ ಯಾವ ಭಾಷೆ ಬರುತ್ತದೆ ಎಂದು ತಿಳಿಯಲು ನೌಕರರಿಗೆಲ್ಲ ಒಂದೊಂದು ಫಾರಂ ಬಂತು. ‘ತಿಳಿದಿರುವ ಭಾಷೆಗಳು’ ಎಂಬುದರ ಕೆಳಗೆ ಐದು ಗೆರೆ.

ಟೈಪಿಸ್ಟ್ ಮೇಡಂ ಐದನ್ನೂ ತುಂಬಿ ಚಿಕ್ಕಪ್ಪನ ಮೇಜಿಗೆ ಬಂದಳು. “ಏನ್ರೀ ಇದು, ಐದೇ ಗೆರೆ ಕೊಟ್ಟಿದಾರೆ! ಇನ್ನೊಂದು ಹಾಳೆ ಅಂಟಿಸಬೇಕು, ಸ್ವಲ್ಪ ಗೋಂದು ಕೊಡ್ತೀರಾ?”

ಚಿಕ್ಕಪ್ಪ ಗೋಂದು ಕೊಟ್ಟ. ಕೊಡುವಾಗ ಅವಳ ಕಣ್ಣು ಅವನ ಫಾರಂ ಮೇಲೆ ಬಿತ್ತು. ಅಲ್ಲಿ ಕಚೇರಿ ಭಾಷೆ, ಪೇಟೆ ಭಾಷೆ, ಆಮೇಲೆ ಮೂರು ಗೆರೆ ಮರುಭೂಮಿ.

“ಪರವಾಗಿಲ್ಲ ಬಿಡಿ,” ಅಂದಳು ಮೇಡಂ. “ಲಕೋಟೆಗೆ ಯಾವ ಭಾಷೆ ಬೇಕು?”

ಅವಳು ಅತ್ತ ಹೋಗುತ್ತಲೇ ಚಿಕ್ಕಪ್ಪ ಮೂರನೇ ಗೆರೆಯಲ್ಲಿ ‘ಗುಡ್ಡದ ಮಾತು’ ಎಂದು ಬರೆದ. ಪಕ್ಕದಲ್ಲಿ ಓದಲು, ಬರೆಯಲು, ಮಾತಾಡಲು ಅಂತ ಮೂರು ಚೌಕ. ಮೂರರಲ್ಲೂ ‘ಅತ್ಯುತ್ತಮ’ ಅಂತ ತುಂಬಿದ. ಗುಡ್ಡದ ಮಾತಿಗೆ ಲಿಪಿ ಇಲ್ಲ. ಲೋಕದಲ್ಲಿ ಯಾರಿಗೂ ಓದಲು ಬಾರದ ಭಾಷೆಯನ್ನು ಓದುವುದರಲ್ಲಿ ನಮ್ಮ ಚಿಕ್ಕಪ್ಪ ಅತ್ಯುತ್ತಮ.

ಸುಳ್ಳು ಪೂರ್ತಿ ಸುಳ್ಳೂ ಆಗಿರಲಿಲ್ಲ. ಅಜ್ಜಿ, ಅಂದರೆ ಚಿಕ್ಕಪ್ಪನ ತಾಯಿ, ಗುಡ್ಡದಿಂದ ಈ ಊರಿಗೆ ಸೊಸೆಯಾಗಿ ಬಂದವಳು. ಹಗಲೆಲ್ಲ ಪೇಟೆ ಭಾಷೆಯಲ್ಲಿ ಗುದ್ದಾಡಿ, ಮಕ್ಕಳನ್ನು ಮಲಗಿಸುವಾಗ ಮಾತ್ರ ಗುಡ್ಡದ ಮಾತಿಗೆ ಹೊರಳುತ್ತಿದ್ದಳು, ಬಿಗಿ ಚಪ್ಪಲಿ ಕಳಚಿ ಬರಿಗಾಲಲ್ಲಿ ನಡೆದ ಹಾಗೆ. ಆ ಮಾತಿನಲ್ಲಿ ಅವಳು ಹೇಳುತ್ತಿದ್ದದ್ದು ಕಥೆಗಳನ್ನು ಮಾತ್ರ. ನಮ್ಮ ಮನೆಯಲ್ಲಿ ಎರಡು ತಲೆಮಾರು ಆ ಕಥೆ ಕೇಳಿ ಬೆಳೆದಿದೆ. ನಾನು ಕೊನೆಯತನಕ ಎಚ್ಚರವಿದ್ದು, ರಾಕ್ಷಸನ ಪ್ರಾಣ ಎಲ್ಲಿತ್ತು ಅಂತ ತಿಳಿದುಕೊಂಡೇ ಮಲಗುತ್ತಿದ್ದವಳು. ಚಿಕ್ಕಪ್ಪನಿಗೆ ರಾಕ್ಷಸ ಹುಟ್ಟಿದ್ದೇ ಗೊತ್ತಿರಲಿಲ್ಲ. ನಾಲ್ಕನೇ ವಾಕ್ಯಕ್ಕೆ ಅವನು ನಿದ್ದೆ.

ಆರು ವಾರಕ್ಕೆ ಆದೇಶ ಬಂತು. ಇಡೀ ಜಿಲ್ಲೆಯಲ್ಲಿ ಗುಡ್ಡದ ಮಾತು ಬಲ್ಲ ನೌಕರ ಒಬ್ಬನೇ. ಆದ್ದರಿಂದ ಅವನನ್ನು ಸದರಿ ಭಾಷೆಯ ಅಧಿಕಾರಿಯಾಗಿ ನೇಮಿಸಲಾಗಿದೆ. ಟಪಾಲು ಕೆಲಸದ ಜೊತೆಗೆ, ಪ್ರತಿ ಮಂಗಳವಾರ, ಒಂಬತ್ತನೇ ಕಿಟಕಿ. ಹೇಳಿಕೆಯನ್ನು ಅಧಿಕಾರಿಯು ಸ್ವಂತ ಕಿವಿಯಿಂದ ಕೇಳಿ, ಸ್ವಂತ ಕೈಯಿಂದ ಕಚೇರಿ ಭಾಷೆಯಲ್ಲಿ ಬರೆಯತಕ್ಕದ್ದು. ಬೇರೆಯವರ ನೆರವು ಪಡೆಯತಕ್ಕದ್ದಲ್ಲ.

ಮನೆಯಲ್ಲಿ ಚಿಕ್ಕಮ್ಮ ಆದೇಶವನ್ನು ಕನ್ನಡಿಯ ಪಕ್ಕ ಅಂಟಿಸಿದಳು, ತಲೆ ಬಾಚಿಕೊಳ್ಳುವವರೆಲ್ಲ ಓದಲಿ ಅಂತ. ಅಜ್ಜಿ ಮಾತ್ರ ಮಗನನ್ನು ಕೆಳಗಿನಿಂದ ಮೇಲಕ್ಕೆ ನೋಡಿದಳು.

“ಲೋ, ನಿನಗೆ ಗುಡ್ಡದ ಮಾತು ಬರುತ್ತಾ?”

“ನೀನೇ ಕಲಿಸಿದ್ದಲ್ವಾ ಅಮ್ಮ, ಕಥೆ ಹೇಳಿ ಹೇಳಿ.”

“ನಾನು ಹೇಳಿದ್ದು ನಿಜ. ನೀನು ಕೇಳಿದ್ದು ಯಾವಾಗ?”

ಎದುರುಮನೆಯ ನಿವೃತ್ತ ಮೇಷ್ಟ್ರು ಅಭಿನಂದಿಸಲು ಬಂದವರು ಪರೀಕ್ಷೆಗೇ ಇಳಿದರು. “ಗುಡ್ಡದ ಮಾತಲ್ಲಿ ನಮಸ್ಕಾರಕ್ಕೆ ಏನಂತಾರಪ್ಪ?”

ಚಿಕ್ಕಪ್ಪ ಒಂದು ಕ್ಷಣ ಗೋಡೆ ನೋಡಿದ. “ಅವರು ನಮಸ್ಕಾರ ಮಾಡಲ್ಲ ಮೇಷ್ಟ್ರೇ. ಸೀದಾ ವಿಷಯಕ್ಕೆ ಬರ್ತಾರೆ.”

“ಎಂಥಾ ಜನ!” ಅಂತ ಮೇಷ್ಟ್ರು ಅದನ್ನು ಡೈರಿಯಲ್ಲಿ ಬರೆದುಕೊಂಡರು.

ಒಂಬತ್ತನೇ ಕಿಟಕಿಗೆ ಬೋರ್ಡು ಬೇಕಿತ್ತು. ಉಳಿದ ಎಂಟು ಕಿಟಕಿಗಳ ಮೇಲೆ ಆಯಾ ಭಾಷೆಯ ಅಕ್ಷರಗಳನ್ನು ಬರೆದ ಪೇಂಟರು ಇಲ್ಲಿಗೆ ಬಂದಾಗ ಕುಂಚ ಹಿಡಿದು ಕಾದ. ಅಕ್ಷರ ಬರಲಿಲ್ಲ. ಕೊನೆಗೆ ಹಸಿರು ಬಳಿದು, ಸುತ್ತ ಚಿನ್ನದ ಬಣ್ಣದ ಅಂಚು ಎಳೆದು, ನಡುವೆ ಏನೂ ಬರೆಯದೆ ಹೋದ. ಆ ಖಾಲಿ ಬೋರ್ಡು ಎಲ್ಲಕ್ಕಿಂತ ಗಂಭೀರವಾಗಿ ಕಾಣುತ್ತಿತ್ತು. ಏನೂ ಬರೆದಿಲ್ಲವಾದ್ದರಿಂದ ಇಲ್ಲಿ ಏನು ಬೇಕಾದರೂ ಕೇಳಬಹುದು ಅಂದುಕೊಂಡು ಜನ ಅಲ್ಲಿಗೇ ಬರತೊಡಗಿದರು. ಕಳೆದುಹೋದ ಛತ್ರಿ ಸಿಕ್ಕಿತಾ, ಬಸ್ಸು ಎಷ್ಟು ಹೊತ್ತಿಗೆ, ಮಗಳಿಗೆ ಈ ಹುಡುಗ ಆಗಬಹುದಾ. ಚಿಕ್ಕಪ್ಪ ಎಲ್ಲದಕ್ಕೂ ಚಾವಣಿ ತೋರಿಸಿ “ಮೇಲಿದೆ” ಅನ್ನುತ್ತಿದ್ದ. ಎರಡು ತಿಂಗಳು ಸುಖವಾಗಿ ಕಳೆಯಿತು.

ಮೂರನೇ ತಿಂಗಳ ಮೊದಲ ಮಂಗಳವಾರ ದೋಣಿಯಮ್ಮ ಬಂದಳು.

ಕೆಲಸ ಹುಡುಕುತ್ತ ಮನೆಯಲ್ಲಿದ್ದ ನನಗೆ ಚಿಕ್ಕಪ್ಪನ ಊಟದ ಡಬ್ಬಿ ತಲುಪಿಸುವ ಕೆಲಸ ಸಿಕ್ಕಿತ್ತು. ಆ ಹೊತ್ತಿಗೆ ನಾನು ಅಲ್ಲೇ ಬೆಂಚಿನ ಮೇಲಿದ್ದೆ. ಎಪ್ಪತ್ತು ದಾಟಿದ ಹೆಂಗಸು; ನಡೆಯುವಾಗ ಕೂಡ ನೆಲ ಅಲುಗುತ್ತಿದೆ ಎಂಬಂತೆ ಕಾಲು ಅಗಲಿಸಿ ಹೆಜ್ಜೆಯಿಡುತ್ತಿದ್ದಳು. ಗುಡ್ಡದ ಬುಡದಲ್ಲಿ ಹೊಳೆಗೆ ಅವಳದೊಂದು ದೋಣಿ. ಐವತ್ತು ವರ್ಷದಿಂದ ಜನರನ್ನು ಈ ದಡ ಆ ದಡ ಮಾಡಿಸುತ್ತಿದ್ದವಳಿಗೆ ನೋಟೀಸು ಹೋಗಿತ್ತು: ಕೆಳಗೆ ಸೇತುವೆಯಾಗಿದೆ, ಹಾಗಾಗಿ ದೋಣಿಯ ಪರವಾನಗಿ ರದ್ದು ಮಾಡುತ್ತೇವೆ, ಹೇಳುವುದಿದ್ದರೆ ತಿಂಗಳ ಕೊನೆಯೊಳಗೆ ಬಂದು ಹೇಳು. ಆ ಸೇತುವೆ ಗುಡ್ಡದವರಿಗೆ ಅರ್ಧ ದಿನದ ದಾರಿ ಎಂಬುದು ನೋಟೀಸಿನಲ್ಲಿ ಇರಲಿಲ್ಲ. ಆ ದೋಣಿ ಬಿಟ್ಟರೆ ಅವಳಿಗೆ ಬೇರೆ ಏನೂ ಇಲ್ಲ ಎಂಬುದೂ ಇರಲಿಲ್ಲ.

ಕಿಟಕಿಗಳ ಮೇಲ್ವಿಚಾರಕರಾದ ಸಾಹೇಬರು ಅವಸರದ ಮನುಷ್ಯ. “ನಿನಗೆ ಪೇಟೆ ಭಾಷೆ ಚೆನ್ನಾಗೇ ಬರುತ್ತಲ್ಲಮ್ಮ. ಅದರಲ್ಲೇ ಹೇಳಿಬಿಡು, ಎರಡು ನಿಮಿಷದ ಕೆಲಸ.”

“ಬರುತ್ತಪ್ಪ,” ಅಂದಳು ದೋಣಿಯಮ್ಮ, ಪೇಟೆ ಭಾಷೆಯಲ್ಲೇ. “ಉಪ್ಪು ಕೊಳ್ಳೋಕೆ ಆ ಮಾತು ಸಾಕು. ದೋಣಿ ಉಳಿಸಿಕೊಳ್ಳೋಕೆ ಸಾಲಲ್ಲ. ನಿಮ್ಮ ಮಾತಲ್ಲೇ ಹೇಳಿ ಅಂತ ಗೋಡೆ ಮೇಲೆ ಬರೆದಿದೀರಂತೆ?”

ಗೋಡೆ ಮೇಲೆ ಹಾಗೇ ಬರೆದಿತ್ತು, ಎಂಟು ಲಿಪಿಯಲ್ಲಿ. ಸಾಹೇಬರು ಒಂಬತ್ತನೇ ಕಿಟಕಿಯತ್ತ ಕೈ ಮಾಡಿದರು.

ಚಿಕ್ಕಪ್ಪನ ಮುಖ ಗೋಂದಿನ ಬಣ್ಣಕ್ಕೆ ತಿರುಗಿತು. ಆದರೂ ಹಾಳೆ ಜೋಡಿಸಿ, ಪೆನ್ನು ಬಿಚ್ಚಿ, ಗಂಟಲು ಸರಿಮಾಡಿಕೊಂಡು ಕೂತ. ದೋಣಿಯಮ್ಮ ಕಿಟಕಿಯ ಸರಳು ಹಿಡಿದು ಗುಡ್ಡದ ಮಾತಿನಲ್ಲಿ ಶುರು ಮಾಡಿದಳು. ‘ಈ ಹೊಳೆ ಮೊದಲು ಇಷ್ಟು ಅಗಲ ಇರಲಿಲ್ಲ. ಈಚೆ ದಡದವರು ಆಚೆ ದಡದವರ ಜೊತೆ ಕೂತಲ್ಲಿಂದಲೇ ಜಗಳ ಆಡುತ್ತಿದ್ದರು. ಆಮೇಲೆ ಒಂದು ಮಳೆಗಾಲಕ್ಕೆ ನೀರು ನಡುವೆ ಬಂದು, ಸಾಕು ಸುಮ್ಮನಿರಿ ಅಂತು.’

ಆಶ್ಚರ್ಯವೆಂದರೆ ಚಿಕ್ಕಪ್ಪನಿಗೆ ಎಲ್ಲ ಅರ್ಥವಾಯಿತು! ಅವನ ಮುಖ ಅರಳಿತು. ಪೆನ್ನು ಓಡಿತು. ಮೂರು ವಾಕ್ಯ ಮುತ್ತಿನ ಹಾಗೆ ಕಾಗದಕ್ಕಿಳಿದವು. ನಾಲ್ಕನೇ ವಾಕ್ಯಕ್ಕೆ ಅವನ ಕಣ್ಣು ಅರ್ಧ ಮುಚ್ಚಿತು. ಐದನೆಯದರ ನಡುವೆ ಪೆನ್ನು ಕಾಗದದ ಮೇಲೆ ಒಂದು ಉದ್ದನೆಯ ಗೆರೆ ಎಳೆದು, ಮೇಜು ದಾಟಿ, ನೆಲಕ್ಕೆ ಬಿತ್ತು. ಚಿಕ್ಕಪ್ಪನ ಕೆನ್ನೆ ಹಾಳೆಯ ಮೇಲೆ ಕೂತಿತು. ತುಟಿಯಲ್ಲಿ ಐದು ವರ್ಷದ ಕೂಸಿನ ನಗು.

ಜವಾನ ಅಲುಗಿಸಲು ಓಡಿ ಬಂದ. ದೋಣಿಯಮ್ಮ ಬಾಯಿ ಮೇಲೆ ಬೆರಳಿಟ್ಟು ಅವನನ್ನು ತಡೆದಳು. “ಶ್! ಎಬ್ಬಿಸಬೇಡ. ಮಗು ಮಲಗಿದೆ. ಕೇಳೋರು ಮಲಗಿದ ಮೇಲೆ ಹೇಳೋದು ನಮ್ಮಲ್ಲಿಲ್ಲ. ಎದ್ದಾಗ ಮುಂದಿಂದು.” ಮಗುವಿಗೆ ಆಗ ನಲವತ್ತೆಂಟು ವರ್ಷ. ದೋಣಿಯಮ್ಮ ಸದ್ದಾಗದ ಹಾಗೆ ಮೆಟ್ಟಿಲಿಳಿದು ಹೋದಳು.

ಒಂದು ಮಂಗಳವಾರ ಹೋಯಿತು. ಉಳಿದದ್ದು ಮೂರು.

ಅವತ್ತು ಮನೆಯಲ್ಲಿ ನ್ಯಾಯ ಪಂಚಾಯಿತಿ. ಚಿಕ್ಕಮ್ಮ ಕನ್ನಡಿ ಪಕ್ಕದ ಆದೇಶವನ್ನು ಕ್ಯಾಲೆಂಡರಿನಿಂದ ಮುಚ್ಚಿ, “ಕಚೇರೀಲಿ ನಿದ್ದೆ ಮಾಡೋದು ಎಲ್ಲಾರೂ ಮಾಡ್ತಾರೆ. ಜನ ಎದುರಿಗೆ ಕೂತು ಮಾತಾಡ್ತಿರೋವಾಗ ಮಾಡ್ತಾರಾ?” ಅಂದಳು.

“ನನ್ನ ತಪ್ಪಲ್ಲ ಕಣೇ. ಆ ಮಾತು ಕಿವಿಗೆ ಬಿದ್ದ ತಕ್ಷಣ ಯಾರೋ ಕಂಬಳಿ ಹೊದಿಸಿದ ಹಾಗಾಗುತ್ತೆ.”

“ಎರಡನೇ ವಾರಕ್ಕೆ ಕಂಬಳಿ ಕಿತ್ತು ಬಿಸಾಕಿ,” ಅಂದ ಚಿಕ್ಕಮ್ಮ ಡಬ್ಬಿಯಲ್ಲಿ ಊಟದ ಬದಲು ಹಸಿಮೆಣಸಿನಕಾಯಿ ತುಂಬಿ ಕಳಿಸಿದಳು. ಆ ಮಂಗಳವಾರ ಚಿಕ್ಕಪ್ಪ ಕುರ್ಚಿ ತೆಗೆಸಿ ನಿಂತುಕೊಂಡೇ ಹೇಳಿಕೆ ಕೇಳಿದ, ಎರಡೂ ಕೆನ್ನೆಯೊಳಗೆ ಒಂದೊಂದು ಮೆಣಸಿನಕಾಯಿ. ಕಣ್ಣಲ್ಲಿ ನೀರು ಧಾರಾಕಾರ. ‘ನನ್ನನ್ನು ಮದುವೆ ಮಾಡಿ ಕೊಟ್ಟಾಗ ದೋಣಿ ಗಂಡನದು, ಹುಟ್ಟು ಅತ್ತೆಯದು, ನನ್ನದು ಅಂತ ಇದ್ದದ್ದು ಒದ್ದೆ ಬಟ್ಟೆ ಮಾತ್ರ’ ಅಂದಳು ದೋಣಿಯಮ್ಮ. ಅಧಿಕಾರಿ ಅಳುತ್ತಿರುವುದನ್ನು ಕಂಡು ಅವಳೂ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಾಲಿನಲ್ಲಿದ್ದವರೆಲ್ಲ ಒಂಬತ್ತನೇ ಕಿಟಕಿಯವರ ಹೃದಯ ಬೆಣ್ಣೆಯಂಥದ್ದು ಎಂದು ಮಾತಾಡಿಕೊಂಡರು. ಐದನೇ ವಾಕ್ಯಕ್ಕೆ ಬೆಣ್ಣೆ ಕರಗಿತು. ಚಿಕ್ಕಪ್ಪ ಸರಳುಗಳಿಗೆ ಹಣೆಯಾನಿಸಿ ಕುದುರೆಯ ಹಾಗೆ ನಿಂತೇ ನಿದ್ದೆ ಹೋದ. ಒಂದು ಮೆಣಸಿನಕಾಯಿ ಬಾಯಿಂದ ಜಾರಿ ಹೊರಗೆ ಬಿತ್ತು.

ಡಾಕ್ಟರ ಹತ್ತಿರ ಕರೆದೊಯ್ದೆವು, ಅಜ್ಜಿಯನ್ನೂ ಸೇರಿಸಿ. ಡಾಕ್ಟರು ಮೊದಲು ಕಚೇರಿ ಭಾಷೆಯಲ್ಲಿ ಒಂದು ಸುತ್ತೋಲೆ ಓದಿದರು. ಓದುತ್ತ ಅವರೇ ಆಕಳಿಸಿದರು, ಚಿಕ್ಕಪ್ಪ ಎಚ್ಚರ. ಪೇಟೆ ಭಾಷೆಯಲ್ಲಿ ತಮ್ಮ ಬಾಲ್ಯದ ಕಷ್ಟ ಹೇಳಿದರು, ಚಿಕ್ಕಪ್ಪ ಎಚ್ಚರ. ಆಮೇಲೆ ಅಜ್ಜಿ ಗುಡ್ಡದ ಮಾತಿನಲ್ಲಿ, ‘ಒಂದು ಕಾಗೆ ಇತ್ತು, ಅದಕ್ಕೆ ತಾನು ಬಿಳಿ ಅಂತ ಅನುಮಾನ’ ಎಂದು ಎತ್ತಿಕೊಂಡಳು. ಕಾಗೆ ಕನ್ನಡಿ ಹುಡುಕಿ ಹೊರಡುವ ಹೊತ್ತಿಗೆ ಚಿಕ್ಕಪ್ಪ ಪರೀಕ್ಷಾ ಮಂಚದ ಮೇಲೆ ಮಗ್ಗುಲಾಗಿ ಮಂಡಿ ಮಡಚಿದ್ದ. ಡಾಕ್ಟರು ಸ್ಟೆತಸ್ಕೋಪು ಕಳಚಿಟ್ಟರು.

“ಇದು ಕಾಯಿಲೆ ಅಲ್ಲಮ್ಮ. ಅಭ್ಯಾಸ. ಇಷ್ಟು ವರ್ಷ ಆ ಭಾಷೆ ಅವರಿಗೆ ಹಾಸಿಗೆ ಮೇಲೆ ಮಾತ್ರ ಸಿಕ್ಕಿದೆ. ಹಗಲಲ್ಲಿ ಯಾರೂ ಅವರ ಹತ್ರ ಅದನ್ನ ಆಡೇ ಇಲ್ಲ.”

“ಯಾರ ಹತ್ರ ಆಡ್ಲಿ?” ಅಂದಳು ಅಜ್ಜಿ. “ಹಗಲಲ್ಲಿ ಎಲ್ಲಾರಿಗೂ ಕೆಲಸ.”

ಡಾಕ್ಟರು ಕುರ್ಚಿಯನ್ನು ಅಜ್ಜಿಯ ಹತ್ತಿರಕ್ಕೆ ಎಳೆದುಕೊಂಡರು. ತಗ್ಗಿದ ದನಿಯಲ್ಲಿ, “ಅಂದಹಾಗೆ ನನ್ನ ಹತ್ರ ನಿದ್ದೆ ಬಾರದ ಹನ್ನೊಂದು ಜನ ರೋಗಿಗಳಿದಾರೆ. ತಾವು ವಾರಕ್ಕೊಂದು ಗಂಟೆ ಬರ್ತೀರಾ?” ಅಂತ ಕೇಳಿದರು. ಅಜ್ಜಿ ಬಾಗಿಲು ದಾಟುವವರೆಗೂ ಅವರನ್ನು ಬೈದಳು. ಬೈದದ್ದು ಗುಡ್ಡದ ಮಾತಿನಲ್ಲಾದ್ದರಿಂದ ಚಿಕ್ಕಪ್ಪನನ್ನು ಎಬ್ಬಿಸಲು ಇನ್ನೊಂದು ಅರ್ಧ ಗಂಟೆ ಹಿಡಿಯಿತು.

ಮೂರನೇ ಮಂಗಳವಾರ ಜವಾನ ಚಿಕ್ಕಪ್ಪನ ಎರಡೂ ಕಾಲನ್ನು ತಣ್ಣೀರಿನ ಬಕೆಟ್ಟಿನಲ್ಲಿ ಇಡಿಸಿದ. ಹೇಳಿಕೆ ಅಷ್ಟು ಹೊತ್ತಿಗೆ ರುಚಿ ಹಿಡಿಸಿತ್ತು. ದೊಡ್ಡ ನೆರೆ ಬಂದ ವರ್ಷ, ಗಂಡ ಊರಲ್ಲಿಲ್ಲ, ಕತ್ತೆತ್ತಿ ನೋಡಿದರೆ ಆಚೆ ದಡದಲ್ಲಿ ಯಾರೋ ಒಬ್ಬ ನಿಂತು ಕೈ ಬೀಸುತ್ತಿದ್ದಾನೆ, ಇನ್ನೊಂದು ಕೈಯಲ್ಲಿ ಎದೆಗವಚಿದ ಒಂದು ಬಟ್ಟೆಗಂಟು. ಇವಳಿಗೆ ಹುಟ್ಟು ಹಾಕಿ ಗೊತ್ತಿಲ್ಲ. ಅವನು ಕೂಗುತ್ತಿರುವುದು ಕೇಳಿಸುವುದಿಲ್ಲ. ಗಂಟು ಮಾತ್ರ ಅಲುಗಿದ ಹಾಗಾಯಿತು. ಇಷ್ಟು ಬರೆದು ಚಿಕ್ಕಪ್ಪ ಕಾಲು ನೀರಲ್ಲಿಟ್ಟುಕೊಂಡೇ ತೇಲಿಹೋದ.

“ಅಲುಗ್ತಾ? ಗಂಟಲ್ಲಿ ಏನಿತ್ತಂತೆ?” ಟೈಪಿಸ್ಟ್ ಮೇಡಂ ಅವನ ಕೆನ್ನೆಯಡಿಯಿಂದ ಹಾಳೆ ಎಳೆದು ಓದಿ ಚಡಪಡಿಸಿದಳು. “ಏಳ್ರೀ! ಗೋಂದಪ್ಪ! ಏಳ್ರೀ!”

ಏಳು ಭಾಷೆ ಬಲ್ಲವಳಿಗೆ ಒಂದು ಭಾಷೆ ಬಾರದಿದ್ದದ್ದು ಅದೇ ಮೊದಲು ಕೊರತೆಯೆನಿಸಿತು. ನನ್ನನ್ನು ಕೇಳಿದಳು. ನಾನು ಕೇಳಿಸಿಕೊಂಡಿದ್ದೆ, ಆದರೆ ದೋಣಿಯಮ್ಮ ಚಿಕ್ಕಪ್ಪ ಮಲಗಿದ ಕಡೆಯೇ ನಿಲ್ಲಿಸಿಬಿಟ್ಟಿದ್ದಳು.

ಕೊನೆಯ ಮಂಗಳವಾರ ಬಂತು. ಸಾಹೇಬರು ಗಡಿಯಾರ ತೋರಿಸಿ ಹೇಳಿದರು: “ಐದು ಗಂಟೆಗೆ ಕಡತ ಮೇಲೆ ಹೋಗಬೇಕು. ಹೇಳಿಕೆ ಇದ್ದಷ್ಟು ಇರಲಿ. ನಾಳೆ ದೋಣಿ ರದ್ದು.” ಟೈಪಿಸ್ಟ್ ಮೇಡಂ ರದ್ದತಿಯ ಆದೇಶವನ್ನು ಮೊದಲೇ ಟೈಪು ಮಾಡಿಟ್ಟಿದ್ದಳು, ತಾರೀಖಿನ ಜಾಗ ಖಾಲಿ, ಉಳಿದದ್ದೆಲ್ಲ ಭರ್ತಿ. ಅದರ ಲಕೋಟೆಗೆ ಗೋಂದು ಹಚ್ಚಿದ್ದು ಚಿಕ್ಕಪ್ಪನೇ, ಟಪಾಲು ಗುಮಾಸ್ತನ ಕೆಲಸ ಅದು. ಆ ದಿನ ಅವನ ಕೈ ಯಾಕೋ ಅಂಟಂಟಾಗಿಯೇ ಇತ್ತು. ಎರಡು ಸಲ ತೊಳೆದುಕೊಂಡ.

ಈ ಸಲ ಮೇಡಂ ಸ್ಕೇಲು ಹಿಡಿದು ಪಕ್ಕದಲ್ಲಿ ನಿಂತಳು. ಜವಾನ ಬಕೆಟ್ಟು ತಂದ. ಚಿಕ್ಕಮ್ಮ ಮನೆಯಿಂದ ಬಂದು ಬೆನ್ನ ಹಿಂದೆ ಕೂತು, ವಾಕ್ಯಕ್ಕೊಂದರಂತೆ ಚಿವುಟುವ ಜವಾಬ್ದಾರಿ ವಹಿಸಿಕೊಂಡಳು. ಎದುರುಮನೆ ಮೇಷ್ಟ್ರು ಡೈರಿ ಸಮೇತ ಹಾಜರು. ದೋಣಿಯಮ್ಮ ಈ ಸೈನ್ಯವನ್ನೆಲ್ಲ ಒಂದು ಸಲ ನೋಡಿ, ಸರಳು ಹಿಡಿದು, ಹೇಳಲು ಶುರು ಮಾಡಿದಳು. ಚಿವುಟು, ಸ್ಕೇಲು, ನೀರು, ಮೆಣಸಿನಕಾಯಿ ನಾಲ್ಕೂ ಸೇರಿ ಚಿಕ್ಕಪ್ಪನನ್ನು ಏಳು ವಾಕ್ಯ ಎಳೆದವು. ಅವನ ಜೀವಮಾನದ ದಾಖಲೆ. ಎಂಟನೆಯದಕ್ಕೆ ಸೈನ್ಯ ಸೋತಿತು. ಹಾಳೆಯ ಮೇಲೆ ಕೊನೆಯದಾಗಿ ಇದ್ದದ್ದು ಇಷ್ಟು: ‘ಬೇರೆ ಯಾರೂ ಇಲ್ಲದ್ದರಿಂದ ನಾನೇ ದೋಣಿ ಬಿಚ್ಚಿದೆ. ನಡುನೀರಿಗೆ ಬಂದಾಗ ಹುಟ್ಟು ಕೈಜಾರಿ’

ಸಾಹೇಬರು ಹಾಗೆಯೇ ದಾರ ಬಿಗಿದು ಕಡತವನ್ನು ಮೇಲೆ ಕಳಿಸಿದರು. ದೋಣಿಯಮ್ಮ ಬೆಂಚಿನ ತುದಿಯಲ್ಲಿ ಕೂತಳು. ನಿದ್ದೆಯಿಂದ ಎದ್ದ ಚಿಕ್ಕಪ್ಪ ಬಕೆಟ್ಟಿನಿಂದ ಕಾಲು ತೆಗೆಯುವುದನ್ನೂ ಮರೆತು, “ಅಮ್ಮಾ, ನಾನು ಫಾರಂನಲ್ಲಿ ಸುಳ್ಳು ಬರೆದೆ. ನಿಮ್ಮ ದೋಣಿ ನನ್ನಿಂದ ಹೋಯ್ತು,” ಅಂದ, ಪೇಟೆ ಭಾಷೆಯಲ್ಲಿ.

“ಸುಳ್ಳು ಎಲ್ಲಿ ಬಂತು,” ಅಂದಳು ಅವಳು. “ಅರ್ಥ ಆಗದವನು ಹಾಗೆ ಮಲಗ್ತಾನಾ?”

ಅಷ್ಟರಲ್ಲಿ ಮೇಲಿನಿಂದ ಹೆಜ್ಜೆ ಸದ್ದು. ಇಪ್ಪತ್ತೆರಡು ವರ್ಷದಿಂದ ಚಿಕ್ಕಪ್ಪ ಬೆರಳು ತೋರಿಸುತ್ತಿದ್ದ ಆ ‘ಮೇಲೆ’ಯಿಂದ ದೊಡ್ಡ ಸಾಹೇಬರು ತಾವೇ ಇಳಿದು ಬರುತ್ತಿದ್ದರು. ಕೈಯಲ್ಲಿ ಕಡತ. ದಾರ ಬಿಚ್ಚಿಕೊಂಡು ಬಾಲದ ಹಾಗೆ ಮೆಟ್ಟಿಲ ಮೇಲೆ ಎಳೆಯುತ್ತಿತ್ತು.

“ಕೈಜಾರಿ?” ಅಂದರು ದೊಡ್ಡ ಸಾಹೇಬರು.

ಮೇಡಂ ಸ್ಕೇಲನ್ನು ಬೆನ್ನ ಹಿಂದೆ ಬಚ್ಚಿಟ್ಟಳು.

“ಹುಟ್ಟು ಕೈಜಾರಿ? ಆಮೇಲೆ? ನಡುನೀರಲ್ಲಿ ಬಿಟ್ಟು ಕಡತ ಕಳಿಸ್ತೀರೇನ್ರೀ? ಆ ಗಂಟಲ್ಲಿ ಏನಿತ್ತು?”

“ಸಾರ್, ಹೇಳಿಕೆ ಪೂರ್ತಿ ಆಗಲಿಲ್ಲ,” ಅಂದರು ಸಾಹೇಬರು, ಬೆವರುತ್ತ. “ಅಧಿಕಾರಿ ನಿದ್ದೆ... ಅಂದರೆ, ಅಧಿಕಾರಿಗೆ ಭಾಷಾ ಸಂಬಂಧವಾದ ತೊಂದರೆ. ಗಡುವು ಮುಗೀತು, ಹಾಗಾಗಿ ರದ್ದತಿ ಆದೇಶ ತಮ್ಮ ಸಹಿಗೆ...”

ದೊಡ್ಡ ಸಾಹೇಬರು ಸುತ್ತೋಲೆ ತರಿಸಿದರು. ಹೊರಡಿಸಿದ ದಿನ ಎಲ್ಲರೂ ಚಪ್ಪಾಳೆ ತಟ್ಟಿ, ಯಾರೂ ಓದದೆ ಬಿಟ್ಟ ಸುತ್ತೋಲೆ. ಹದಿನಾಲ್ಕನೇ ಅಂಶಕ್ಕೆ ಬಂದು ಅವರು ಗಟ್ಟಿಯಾಗಿ ಓದಿದರು: “‘ಗಡುವಿನೊಳಗೆ ಆರಂಭವಾದ ಹೇಳಿಕೆಯು ಮುಗಿಯುವವರೆಗೆ ಯಾವ ತೀರ್ಮಾನವನ್ನೂ ಮಾಡತಕ್ಕದ್ದಲ್ಲ. ಪ್ರಜೆಯು ತನ್ನ ಮಾತಿನಲ್ಲಿ ಹೇಳುವಾಗ ಅವಸರಪಡಿಸತಕ್ಕದ್ದಲ್ಲ.’ ಕೇಳಿದ್ರಾ? ಹೇಳಿಕೆ ಮುಗಿಯೋತನಕ ದೋಣಿ ಓಡಲಿ.”

“ಮುಗಿದ ದಿನ, ಸಾರ್?”

“ಮುಗಿದ ದಿನ ಸಹಿ ಹಾಕಬೇಕಾಗುತ್ತೆ. ಸೇತುವೆಯವರು ಬಿಡಲ್ಲ.” ಅವರ ದನಿ ಸ್ವಲ್ಪ ಸಣ್ಣದಾಯಿತು. ಆಮೇಲೆ ದೋಣಿಯಮ್ಮನ ಕಡೆ ತಿರುಗಿ, ಪೇಟೆ ಭಾಷೆಯಲ್ಲಿ, “ಗಂಟಲ್ಲಿ ಮಗು ಇತ್ತು ತಾನೇ?” ಅಂದರು.

“ಅದು ಮುಂದೆ ಬರುತ್ತೆ ಸ್ವಾಮಿ,” ಅಂದಳು ದೋಣಿಯಮ್ಮ. “ಬರೋ ಮಂಗಳವಾರ.”

ಅಲ್ಲಿಂದ ಶುರುವಾಯಿತು ಮಂಗಳವಾರಗಳ ಹಬ್ಬ. ವಾರಕ್ಕೆ ಐದು ವಾಕ್ಯ. ದೋಣಿಯಮ್ಮ ದೋಣಿ ಕಟ್ಟಿ ಬರುವಳು, ಹೇಳುವಳು, ಚಿಕ್ಕಪ್ಪ ಮಲಗುವನು, ಅವಳು ಸದ್ದಿಲ್ಲದೆ ಹೋಗಿ ದೋಣಿ ಬಿಚ್ಚುವಳು. ಐದು ವಾಕ್ಯದ ಹಾಳೆಯನ್ನು ಜವಾನ ಬಿಸಿ ಚಹಾದ ಹಾಗೆ ಹಿಡಿದು ಮೇಲಕ್ಕೆ ಓಡುವನು. ಎಂಟು ಕಿಟಕಿಯವರೂ ಪಂಥ ಕಟ್ಟಿದರು: ಗಂಟಿನಲ್ಲಿ ಮಗು ಎಂಬ ಪಕ್ಷ, ಕುರಿಮರಿ ಎಂಬ ಪಕ್ಷ, ಅಪಶಕುನದ ಮೂರ್ತಿ ಎಂಬ ಟೈಪಿಸ್ಟ್ ಮೇಡಂಳ ಏಕಾಂಗಿ ಪಕ್ಷ. ಮೇಷ್ಟ್ರು ಮಾತ್ರ, ಗಂಟಿನಲ್ಲಿ ಇನ್ನೊಂದು ಗಂಟು ಇರುತ್ತದೆ, ಜೀವನವೇ ಹಾಗೆ ಅಂದರು. ಅವರನ್ನು ಯಾರೂ ಪಂಥಕ್ಕೆ ಸೇರಿಸಿಕೊಳ್ಳಲಿಲ್ಲ. ಮೇಡಂ ಮಧ್ಯಾಹ್ನ ನಮ್ಮ ಮನೆಗೆ ಬಂದು ಅಜ್ಜಿಯ ಹತ್ತಿರ ಗುಡ್ಡದ ಮಾತು ಕಲಿಯತೊಡಗಿದಳು. ಅಜ್ಜಿಗೆ ಹಗಲು ಹೊತ್ತಿನಲ್ಲಿ ಆ ಮಾತಾಡಲು ಒಬ್ಬರು ಸಿಕ್ಕಿದ್ದು ಅರವತ್ತು ವರ್ಷದಲ್ಲಿ ಮೊದಲು. ಮೊದಲ ವಾರ ಅವಳಿಗೆ ದನಿಯೇ ಎತ್ತರಿಸಲಾಗಲಿಲ್ಲ. ಯಾರೋ ಮಲಗಿದ್ದಾರೆ ಎಂಬಂತೆ ಪಿಸುಗುಡುತ್ತಿದ್ದಳು.

ಈ ಮಧ್ಯಾಹ್ನಗಳಿಂದ ಆದ ಅನಾಹುತವನ್ನು ಯಾರೂ ಎಣಿಸಿರಲಿಲ್ಲ. ರಜೆಯ ದಿನಗಳಲ್ಲಿ ಚಿಕ್ಕಪ್ಪನ ಕಿವಿಗೂ ಹಗಲಿನ ಗುಡ್ಡದ ಮಾತು ಬೀಳತೊಡಗಿತು: ‘ಆ ತಟ್ಟೆ ಇತ್ತ ಕೊಡು’, ‘ಬಿಸಿಲು ಜಾಸ್ತಿ’, ‘ನನ್ನ ಸೊಸೆಗೆ ಪಾತ್ರೆ ತೊಳೆಯೋಕೆ ಬರಲ್ಲ’. ಕಂಬಳಿ ಸ್ವಲ್ಪ ಸ್ವಲ್ಪವೇ ಸರಿಯಿತು. ಐದು ವಾಕ್ಯ ಎಂಟಾಯಿತು, ಎಂಟು ಹದಿನೈದಾಯಿತು. ಒಂದು ದಿನ ಅಜ್ಜಿ ಹೇಳಿದ ಕಾಗೆಯ ಕಥೆಯನ್ನು ಚಿಕ್ಕಪ್ಪ ಕೊನೆಯವರೆಗೂ ಕೇಳಿ, “ಅಯ್ಯೋ, ಆ ಕಾಗೆ ಕೊನೆಗೂ ಕಪ್ಪೇನಾ?” ಅಂತ ಕಣ್ಣರಳಿಸಿದ. ಚಿಕ್ಕಮ್ಮ ಕ್ಯಾಲೆಂಡರು ತೆಗೆದು ಆದೇಶವನ್ನು ಮತ್ತೆ ಕಾಣಿಸಿದಳು. ಅಜ್ಜಿ ಆ ದಿನವೆಲ್ಲ ಮುನಿಸಿಕೊಂಡಿದ್ದಳು. “ನನ್ನ ಕಥೆಗೆ ನಿದ್ದೆ ಬರಲಿಲ್ಲ ಅಂದ್ರೆ ನಿನಗೇನೋ ಆಗಿದೆ ಕಣೋ. ಡಾಕ್ಟರಿಗೆ ತೋರಿಸು.”

ಮರುದಿನ ಮಂಗಳವಾರ. ಚಿಕ್ಕಪ್ಪ ಕೆನ್ನೆಯಲ್ಲಿ ಮೆಣಸಿನಕಾಯಿ ಇಲ್ಲದೆ, ಕಾಲಡಿಯಲ್ಲಿ ಬಕೆಟ್ಟಿಲ್ಲದೆ, ಕುರ್ಚಿಯಲ್ಲಿ ನೆಟ್ಟಗೆ ಕೂತ. ದೋಣಿಯಮ್ಮ ಶುರು ಮಾಡಿದಳು. ಐದು ದಾಟಿತು. ಹತ್ತು ದಾಟಿತು. ಪೆನ್ನು ಓಡುತ್ತಲೇ ಇತ್ತು. ಹುಟ್ಟಿಲ್ಲದ ದೋಣಿ ಸುಳಿಯಲ್ಲಿ ಮೂರು ಸುತ್ತು ತಿರುಗಿ, ತಾನಾಗಿಯೇ ಆಚೆ ದಡಕ್ಕೆ ಬಡಿಯಿತು. ಆ ಮನುಷ್ಯ ಮೊಣಕಾಲುದ್ದ ನೀರಿಗಿಳಿದು, ಒಂದೂ ಮಾತಾಡದೆ, ಗಂಟನ್ನು ಇವಳ ಮಡಿಲಿಗೆ ಹಾಕಿದ. ಇಪ್ಪತ್ತನೇ ವಾಕ್ಯ. ಜವಾನ ಬಾಯಿ ತೆರೆದು ನಿಂತ. ಮೇಡಂ, ಈಗ ಅವಳಿಗೂ ಅರ್ಧ ಅರ್ಥವಾಗುತ್ತಿತ್ತು, ಟೈಪು ನಿಲ್ಲಿಸಿದಳು. ಮೆಟ್ಟಿಲ ನಡುವೆ ದೊಡ್ಡ ಸಾಹೇಬರು ಕಂಬ ಹಿಡಿದು ನಿಂತಿದ್ದರು.

‘ನಾನು ಆ ಗಂಟು ಬಿಚ್ಚಿದೆ’ ಅಂದಳು ದೋಣಿಯಮ್ಮ.

ಅಷ್ಟು ಹೇಳಿ ಚಿಕ್ಕಪ್ಪನ ಮುಖ ನೋಡಿದಳು. ಅವನ ಕಣ್ಣು ಎರಡೂ ಬಟ್ಟಲಾಗಿದ್ದವು, ತುಟಿ ‘ಆಮೇಲೆ?’ ಎಂಬ ಆಕಾರಕ್ಕೆ ಬಂದು ನಿಂತಿತ್ತು. ಅವಳು ಐವತ್ತು ವರ್ಷ ನೀರು ನೋಡಿದವಳು. ಈ ಸಲ ಮಗು ಮಲಗುವುದಿಲ್ಲ ಎಂಬುದು ಅವಳಿಗೆ ತಿಳಿಯಿತು. ಇನ್ನು ಉಳಿದದ್ದು ಎರಡೋ ಮೂರೋ ವಾಕ್ಯ. ಶುರು ಮಾಡಿದ್ದನ್ನು ಕೇಳುವವರು ಎಚ್ಚರವಿರುವಾಗ ನಡುವೆ ನಿಲ್ಲಿಸುವುದು ಅವರಲ್ಲಿ ಇಲ್ಲ. ಸರಳು ಹಿಡಿದಿದ್ದ ಬೆರಳುಗಳ ಗಂಟು ಬೆಳ್ಳಗಾಯಿತು, ದೋಣಿಯ ಅಂಚು ಹಿಡಿದವರ ಬೆರಳಿನ ಹಾಗೆ.

ಚಿಕ್ಕಪ್ಪ ಆ ಬೆರಳುಗಳನ್ನು ನೋಡಿದ. ಆಮೇಲೆ ಮೇಡಂಳ ಮೇಜಿನ ಖಾನೆ ನೋಡಿದ. ಅದರೊಳಗೆ ತಾರೀಖಿಗಾಗಿ ಬಾಯಿ ಬಿಟ್ಟುಕೊಂಡು ಒಂದು ಆದೇಶ ಕಾಯುತ್ತಿದೆ ಎಂದು ಅವನಿಗೆ ಗೊತ್ತಿತ್ತು. ದೋಣಿಯಮ್ಮ ಮುಂದಿನ ಮಾತಿಗೆ ಬಾಯಿ ತೆರೆದಳು.

ಹುಟ್ಟಿದಾರಭ್ಯ ಒಂದು ಕಥೆಯ ಕೊನೆಗಾಗಿ ಅಷ್ಟು ಹಸಿದು ಕೂತಿರದಿದ್ದ ಚಿಕ್ಕಪ್ಪ, ಕಣ್ಣು ಬಿಗಿಯಾಗಿ ಮುಚ್ಚಿ, ಹಾಳೆಯ ಮೇಲೆ ಧೊಪ್ಪನೆ ಕೆನ್ನೆಯಿಟ್ಟು, ಎರಡು ಮಹಡಿಗೂ ಕೇಳಿಸುವ ಹಾಗೆ ಗೊರಕೆ ಹೊಡೆದ.

ಮೆಟ್ಟಿಲ ಮೇಲೆ ದೊಡ್ಡ ಸಾಹೇಬರು ಉಸಿರು ಬಿಟ್ಟರು. ನಿರಾಸೆಯೋ ನಿರಾಳವೋ ತಿಳಿಯಲಿಲ್ಲ. ದೋಣಿಯಮ್ಮ ಸರಳಿನಿಂದ ಕೈ ಬಿಡಿಸಿಕೊಂಡು, ಕಿಟಕಿಯೊಳಗೆ ಬಗ್ಗಿ, ಮಲಗಿದವನನ್ನು ಸ್ವಲ್ಪ ಹೊತ್ತು ನೋಡಿದಳು. “ಮಲಗಿತು,” ಅಂದಳು. ಹೆಜ್ಜೆ ಸದ್ದಾಗದ ಹಾಗೆ ಮೆಟ್ಟಿಲಿಳಿದಳು, ಬೀದಿ ದಾಟಿದಳು, ಹೊಳೆಯ ದಾರಿ ಹಿಡಿದಳು.

ಅವಳು ತಿರುವಿನಲ್ಲಿ ಮರೆಯಾಗುವವರೆಗೂ ಚಿಕ್ಕಪ್ಪ ಗೊರಕೆ ನಿಲ್ಲಿಸಲಿಲ್ಲ. ಪೆನ್ನು ಹಿಡಿದ ಬಲಗೈ ಮಾತ್ರ, ಗಂಟಿನಲ್ಲಿ ಏನಿತ್ತೋ ಎಂಬ ಸಂಕಟಕ್ಕೆ, ಹಾಳೆಯ ಅಂಚಿನಲ್ಲಿ ‘ಆಮೇಲೆ? ಆಮೇಲೆ?’ ಎಂದು ಬರೆಯುತ್ತಲೇ ಇತ್ತು.